ಮನೆಯಲ್ಲಿ ಒಬ್ರು ಕಡಿಮೆ ಆದ ಮೇಲೆ ಕಾದಂಬರಿ ಓದುದು ಹೇಗೆ

ನನ್ನ ಅಣ್ಣ ತೀರಿಕೊಂಡದ್ದು 2019ರ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ–ಆಗಸ್ಟ್ ಮಳೆಗಾಲದಲ್ಲಿ. ಡೆಂಗ್ಯೂ, ಜ್ವರ ಶುರುವಾಗಿ ಏಳನೇ ದಿನ. ಅವನಿಗೆ 27, ನನಗೆ 23. ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಮುಗಿದು ನೆಂಟರೆಲ್ಲ ಹೊರಟು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಅಪ್ಪ, ಅಮ್ಮ, ನಾನು, ಮತ್ತೆ ಬಿಡದೆ ಹೊಯ್ಯುವ ಮಳೆ. ಬಂದವರೆಲ್ಲ ಹೇಳಿದ್ದು ಒಂದೇ ಮಾತು, ಧೈರ್ಯ ತಗೊ, ಇನ್ನು ಅಮ್ಮನನ್ನ ನೋಡ್ಕೊಳ್ಳುದು ನೀನೇ ಅಂತ. ಅದು ಸರಿ. ಆದ್ರೆ ನಾಳೆ ಬೆಳಿಗ್ಗೆ ಎದ್ದು ಇದೇ ಬಸ್ಸು ಹತ್ತಿ ಇದೇ ಕೆಲಸಕ್ಕೆ ಎಂತಕ್ಕೆ ಹೋಗುದು ಅನ್ನುದಕ್ಕೆ ಯಾರ ಹತ್ರವೂ ಉತ್ತರ ಇರ್ಲಿಲ್ಲ, ನಾನು ಕೇಳ್ಲೂ ಇಲ್ಲ.

ಆ ಟೈಮಲ್ಲಿ ನನ್ನನ್ನ ಕೈ ಹಿಡಿದು ನಡೆಸಿದ್ದು ಕಾದಂಬರಿಗಳು. ಅದರಲ್ಲೂ ಹರೆಯದಲ್ಲಿ ಯಾರನ್ನೋ ಕಳ್ಕೊಂಡು, ಇನ್ನು ಎಂತ ಅಂತ ಹುಡುಕುವವರ ಕಥೆಗಳು. ಈಗ ನನ್ನ ಪರಿಚಯದ ಹುಡುಗ ಹುಡುಗಿಯರು, ಕೆಲವು ಸಲ ಅವರ ಅಮ್ಮಂದಿರು ಕೂಡ, ಅಕ್ಕ ಯಾವ ಪುಸ್ತಕ ಓದುದು, ಎಲ್ಲಿಂದ ಶುರು ಮಾಡುದು ಅಂತ ಕೇಳ್ತಾರೆ. ಪ್ರತಿ ಸಲ ಫೋನಲ್ಲಿ ಹೇಳುದಕ್ಕಿಂತ ಒಮ್ಮೆ ಸರಿಯಾಗಿ ಬರೆದಿಡುವ ಅಂತ ಇದನ್ನ ಬರೀತಿದ್ದೇನೆ, ನಾನು ಮಾಡಿ ನೋಡಿದ ಕ್ರಮದಲ್ಲೇ.

1. ಮೊದಲ ಕೆಲವು ವಾರ ಹೊಸ ಪುಸ್ತಕಕ್ಕೆ ಕೈ ಹಾಕ್ಬೇಡಿ

ಓದ್ಲಿಕ್ಕೆ ಆಗುದಿಲ್ಲ. ಕಣ್ಣು ಸಾಲಿನ ಮೇಲೆ ಹೋಗ್ತದೆ, ತಲೆಗೆ ಎಂತದೂ ಹೋಗುದಿಲ್ಲ, ಅದೇ ಪುಟ ಮೂರು ಸಲ ಓದಿದ್ರೂ ಯಾರು ಯಾರಿಗೆ ಹೇಳಿದ್ರು ಗೊತ್ತಾಗುದಿಲ್ಲ. ದಿನಾ ಓದುವ ಅಭ್ಯಾಸ ಇದ್ದವರಿಗೆ ಇದು ಇನ್ನೊಂದು ಹೆದರಿಕೆ, ನನ್ನ ಓದು ಕೂಡ ಹೋಯ್ತಾ ಅಂತ. ಹೋಗುದಿಲ್ಲ, ವಾಪಸ್ ಬರ್ತದೆ. ನನಗೆ ಬರ್ಲಿಕ್ಕೆ ಎರಡು ತಿಂಗಳು ಹಿಡಿಯಿತು, ನಿಮಗೆ ಬೇಗ ಆಗ್ಬಹುದು, ಇನ್ನೂ ತಡವೂ ಆಗ್ಬಹುದು. ಅಲ್ಲಿವರೆಗೆ ಶಾಲೆಯಲ್ಲಿರುವಾಗ ಓದಿ ಇಷ್ಟಪಟ್ಟದ್ದು ಎಂತಾದ್ರೂ ಇದ್ರೆ ಅದನ್ನೇ ತಿರುಗಿಸಿ ನೋಡಿ, ಕಥೆ ಮೊದಲೇ ಗೊತ್ತಿರುದ್ರಿಂದ ಭಾರ ಆಗುದಿಲ್ಲ. ಇಲ್ಲದಿದ್ರೆ ಆಡಿಯೋ ಕೇಳಿ.

2. ಕೊನೆ ಎಂತ ಆಗ್ತದೆ ಅಂತ ಮೊದಲೇ ಕೇಳಿ ತಿಳ್ಕೊಳ್ಳಿ

ಮಾಮೂಲಾಗಿ ಕಥೆಯ ಕೊನೆ ಹೇಳಿದ್ರೆ ಜನ ಬೈತಾರೆ. ದುಃಖದಲ್ಲಿ ಇರುವವರ ಲೆಕ್ಕ ಬೇರೆ. ಪುಸ್ತಕ ಓದಿದವರನ್ನ ಹಿಡಿದು ನೇರವಾಗಿ ಕೇಳಿ: ಇದರಲ್ಲಿ ಯಾರಾದ್ರೂ ಸಾಯ್ತಾರಾ, ಹೇಗೆ ಸಾಯ್ತಾರೆ, ಕೊನೆಗೆ ಉಳಿದವರ ಗತಿ ಎಂತ. ನಾನು ಹೀಗೆ ಕೇಳದೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಹಿಡ್ಕೊಂಡು ಕೂತೆ. ನಮ್ಮ ಕರಾವಳಿಯ ಭಾಷೆ, ನಮ್ಮ ಪಕ್ಕದ ಮನೆಯ ಹಾಗೇ ಇರುವ ಮನೆ, ಅಷ್ಟು ಒಳ್ಳೆ ಕಾದಂಬರಿ. ಆದ್ರೆ ನಾದಿರಾ ಕೊನೆಗೆ ನೀರಿಗೆ ಹೋಗುದು ಓದಿದ ಮೇಲೆ ನಾಲ್ಕು ದಿನ ನಾನು ಊಟಕ್ಕೆ ಕೂತ್ಕೊಳ್ಳಿಲ್ಲ. ಪುಸ್ತಕದ ತಪ್ಪಲ್ಲ ಅದು, ಟೈಮ್ ತಪ್ಪು. ಈಗ ಓದ್ತೇನೆ, ಮತ್ತೊಮ್ಮೆಯೂ ಓದ್ತೇನೆ.

ಮುರಾಕಮಿಯ 'ನಾರ್ವೇಜಿಯನ್ ವುಡ್' ಬಗ್ಗೆಯೂ ಇದನ್ನೇ ಹೇಳ್ತೇನೆ. 1987ರ ಜಪಾನಿ ಕಾದಂಬರಿ, ಕಾಲೇಜು ಹುಡುಗ, ಸತ್ತ ಗೆಳೆಯ, ಆ ಗೆಳೆಯನ ಹುಡುಗಿ. "ಹರೆಯದ ದುಃಖ" ಅಂದ ಕೂಡ್ಲೇ ಎಲ್ರೂ ಮೊದಲು ಹೇಳುದು ಈ ಪುಸ್ತಕದ ಹೆಸರನ್ನೇ. ಅದರಲ್ಲಿ ಒಂದಕ್ಕಿಂತ ಹೆಚ್ಚು ಆತ್ಮಹತ್ಯೆ ಉಂಟು. ನಿಮ್ಮ ಮನೆಯಲ್ಲಿ ಹೋದವರು ಹಾಗೆ ಹೋದವರಾಗಿದ್ರೆ, ಅಥವಾ ನಿಮಗೇ ಆ ಥರ ಯೋಚನೆ ಬರ್ತಾ ಇದ್ರೆ, ದಯವಿಟ್ಟು ಈಗ ಅದನ್ನ ತೆಗಿಬೇಡಿ.

3. ಊರಿನ ಪುಸ್ತಕದಿಂದ ಶುರು ಮಾಡಿ, ನನ್ನ ಲೆಕ್ಕದಲ್ಲಿ 'ಅಳಿದ ಮೇಲೆ'

ಕೋಟದ ಶಿವರಾಮ ಕಾರಂತರು 1960ರಲ್ಲಿ ಬರೆದದ್ದು. ಇದರಲ್ಲಿ ಕಥೆ ಹೇಳುವವರು ಹರೆಯದವರಲ್ಲ, ಸತ್ತವರೂ ಹರೆಯದವರಲ್ಲ, ಹಾಗಾದ್ರೆ ಇದನ್ನ ಯಾಕೆ ಮೊದಲು ಇಟ್ಟೆ ಅಂತ ಕೇಳ್ಬಹುದು. ಕಾರಣ ಹೇಳ್ತೇನೆ. ಮುಂಬಯಿಗೆ ಹೋಗುವ ರೈಲಿನಲ್ಲಿ ಪರಿಚಯ ಆದ ಯಶವಂತರಾಯ ಅನ್ನುವವರು ತೀರಿಕೊಳ್ತಾರೆ. ಅವರು ಬಿಟ್ಟು ಹೋದದ್ದು ಡೈರಿ, ಒಂದಷ್ಟು ಚಿತ್ರ, ಸ್ವಲ್ಪ ಹಣ. ಅವರು ಯಾರಿಗೆಲ್ಲ ಋಣಿಯಾಗಿದ್ರೋ ಆ ಜನರನ್ನ ಹುಡ್ಕೊಂಡು ಕಥೆ ಹೇಳುವವರು ಊರೂರು ಹೋಗ್ತಾರೆ. ಕಾದಂಬರಿ ಪೂರ್ತಿ ಇಷ್ಟೇ, ಒಬ್ಬ ಮನುಷ್ಯ ಹೋದ ಮೇಲೆ ಅವನು ಬದುಕಿದ್ದು ಹೇಗೆ ಅಂತ ಮನೆಯಿಂದ ಮನೆಗೆ ಹೋಗಿ ತಿಳ್ಕೊಳ್ಳುದು. ಸಾವು ಯಾಕೆ ಬಂತು ಅಂತ ಅದರಲ್ಲಿ ಎಲ್ಲೂ ದೊಡ್ಡ ಭಾಷಣ ಇಲ್ಲ. ಹೋಗುದು, ಕೇಳುದು, ಕೊಡ್ಲಿಕ್ಕೆ ಇದ್ದದ್ದನ್ನ ಕೊಡುದು.

ಇದನ್ನ ಓದಿ ಅರ್ಧ ಆಗುವಾಗ ನನಗೆ ಅಣ್ಣನ ಫೋನಿನಲ್ಲಿ ಬರೆದಿಟ್ಟ ಒಂದು ಲೆಕ್ಕ ನೆನಪಾಯ್ತು. ನಮ್ಮ ಬಸ್‌ಸ್ಟ್ಯಾಂಡ್ ಹತ್ರದ ಗೂಡಂಗಡಿಯಲ್ಲಿ 340 ರೂಪಾಯಿ ಬಾಕಿ ಅಂತ. ಮರುದಿನ ಹಣ ತಗೊಂಡು ಹೋದೆ. ಅಂಗಡಿಯವರು ಹಣ ಮುಟ್ಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಇದ್ದು, ಬ್ಯಾಂಕಿನಿಂದ ಬರುವ ಮೆಸೇಜು ಎಲ್ಲ ಅವನೇ ಓದಿ ಹೇಳ್ತಿದ್ದ ಮಗಾ, ಈಗ ಹಾಗೇ ಬಿದ್ದಿದೆ ಅಂತ ತಮ್ಮ ಫೋನ್ ತೋರಿಸಿದ್ರು. ಎರಡು ತಿಂಗಳ ಮೆಸೇಜು, ಎಲ್ಲ ಇಂಗ್ಲಿಷ್, ಒಂದನ್ನೂ ತೆಗೆದು ನೋಡಿರ್ಲಿಲ್ಲ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಓದಿ ಹೇಳಿದೆ. ಅಣ್ಣ ಈ ಕೆಲಸ ಮಾಡ್ತಿದ್ದ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಈಗಲೂ ಶನಿವಾರ ಆ ಕೆಲಸ ನನ್ನದೇ. ಇಷ್ಟೇ ನೋಡಿ, ಬೆಳಿಗ್ಗೆ ಎಂತಕ್ಕೆ ಏಳುದು ಅನ್ನುದಕ್ಕೆ ನನಗೆ ಸಿಕ್ಕಿದ ಮೊದಲ ಕಾರಣ.

ಹಾಗಾಗಿ ಈ ಪುಸ್ತಕ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಕೊಳ್ಳಿ. ನಿಮ್ಮವರಿಗೆ ಯಾರ್ಯಾರ ಪರಿಚಯ ಇತ್ತು, ಗ್ಯಾರೇಜಿನವರು, ಕ್ರಿಕೆಟ್ ಟೀಮಿನವರು, ಟ್ಯೂಷನ್ ಮೇಷ್ಟ್ರು, ನೆನಪಾದ ಹಾಗೆ ಹೆಸರು ಬರೀತಾ ಹೋಗಿ. ಎಲ್ರ ಹತ್ರ ಹೋಗ್ಬೇಕು ಅಂತ ಇಲ್ಲ, ಒಬ್ರನ್ನ ನೋಡಿ ಬಂದ್ರೂ ಸಾಕು.

4. ಓದುವಾಗ ಎಂತ ಹುಡುಕ್ಬೇಕು

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಶುರುವಿನಲ್ಲಿ ಕಾದಂಬರಿಯಲ್ಲಿ ಉತ್ತರ ಹುಡುಕ್ತಿದ್ದದ್ದು. ಸಾವಿನ ಬಗ್ಗೆ ಚಂದದ ವಾಕ್ಯ ಬಂದಲ್ಲೆಲ್ಲ ಅಡಿಗೆರೆ ಎಳ್ದು ಸ್ಟೇಟಸ್‌ಗೆ ಹಾಕ್ತಿದ್ದೆ. ಆ ಸಾಲುಗಳಲ್ಲಿ ಒಂದೂ ಈಗ ನೆನಪಿಲ್ಲ. ನೆನಪಿರುದು ಪಾತ್ರಗಳು ಸಾವಿನ ಮರುದಿನ, ಮರುವಾರ ಕೈಯಲ್ಲಿ ಎಂತ ಮಾಡಿದ್ರು ಅನ್ನುದು ಮಾತ್ರ. ಹಾಗಾಗಿ ಪೆನ್ಸಿಲ್ ಹಿಡ್ಕೊಂಡು ಓದಿ, ಆದ್ರೆ ಗುರುತು ಹಾಕುದು ಮೂರು ಕಡೆ ಮಾತ್ರ: ಊಟ ಮಾಡುವಲ್ಲಿ, ಎಂತಾದ್ರೂ ಕೆಲಸ ಮಾಡುವಲ್ಲಿ, ಹೋದವರ ವಸ್ತು ಮುಟ್ಟುವಲ್ಲಿ.

ಇದಕ್ಕೆ ಬನಾನಾ ಯೋಶಿಮೊಟೊ ಅವರ 'ಕಿಚನ್' ಹೇಳಿ ಮಾಡಿಸಿದ ಹಾಗೆ ಉಂಟು. 1988ರದ್ದು, ಇಂಗ್ಲಿಷಿನಲ್ಲಿ ಸಿಗ್ತದೆ, ಸಣ್ಣ ಪುಸ್ತಕ, ಭಾಷೆ ಸುಲಭ. ಮಿಕಾಗೆ ಅಂತ ಹುಡುಗಿ, ಅಪ್ಪ ಅಮ್ಮ ಮೊದಲೇ ಇಲ್ಲ, ಸಾಕಿದ ಅಜ್ಜಿಯೂ ತೀರಿ ಹೋದ ಮೇಲೆ ಅವಳಿಗೆ ನಿದ್ದೆ ಬರುದು ಅಡುಗೆ ಕೋಣೆಯಲ್ಲಿ ಫ್ರಿಜ್ಜಿನ ಪಕ್ಕ ಮಾತ್ರ. ಅದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಕೂತೆ, ಯಾಕಂದ್ರೆ ಆ ಮಳೆಗಾಲ ಪೂರ್ತಿ ನಮ್ಮ ಅಮ್ಮ ಮಲಗಿದ್ದು ಕೂಡ ಅಡುಗೆ ಕೋಣೆಯ ಬಾಗಿಲಲ್ಲೇ, ಚಾಪೆ ಹಾಕಿ. ಮುಂದೆ ಅವಳಿಗೆ ಆಸರೆ ಕೊಟ್ಟ ಗೆಳೆಯನ ಮನೆಯಲ್ಲೂ ಒಂದು ಸಾವು ಆಗ್ತದೆ, ಆಗ ಅವಳು ಮಾಡುದು ಎಂತ ಗೊತ್ತುಂಟಾ, ದೂರದ ಊರಲ್ಲಿ ಅವಳು ತಿಂದ ಊಟ, ಅನ್ನದ ಮೇಲೆ ಕರಿದ ಮಾಂಸ ಮೊಟ್ಟೆ ಇಟ್ಟದ್ದು, ಅದು ಅಷ್ಟು ರುಚಿಯಾಗಿತ್ತು ಅಂತ ಇನ್ನೊಂದು ಕಟ್ಟಿಸ್ಕೊಂಡು ರಾತ್ರೋರಾತ್ರಿ ಟ್ಯಾಕ್ಸಿ ಹಿಡಿದು ಅವನಿಗೆ ತಲುಪಿಸ್ತಾಳೆ. ಬೇರೆ ಎಂತ ಸಮಾಧಾನ ಹೇಳ್ಲಿಕ್ಕೂ ಅವಳಿಗೆ ಬರುದಿಲ್ಲ. ನಮ್ಮಲ್ಲಿ ಸಾವಿನ ಮನೆಗೆ ಪಕ್ಕದ ಮನೆಯವರು ಗಂಜಿ, ಚಟ್ನಿ ತಂದು ಇಟ್ಟು ಮಾತಾಡದೆ ಹೋಗುದಿಲ್ವಾ, ಅದೇ.

ಅದೇ ಪುಸ್ತಕದ ಹಿಂದೆ 'ಮೂನ್‌ಲೈಟ್ ಶ್ಯಾಡೋ' ಅಂತ ಇನ್ನೊಂದು ಸಣ್ಣ ಕಥೆ ಉಂಟು, ಬಿಡ್ಬೇಡಿ. ಅದರಲ್ಲಿ ಹಿರಾಗಿ ಅನ್ನುವ ಹುಡುಗ ಸತ್ತ ತನ್ನ ಹುಡುಗಿಯ ಸ್ಕೂಲ್ ಯೂನಿಫಾರ್ಮ್, ಲಂಗ ಸಮೇತ, ಹಾಕ್ಕೊಂಡು ತಿರುಗ್ತಾನೆ. ನಾನು ಅಣ್ಣನ ರೈನ್‌ಕೋಟ್ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ. ತೋಳು ನನ್ನ ಬೆರಳು ದಾಟಿ ನೇತಾಡ್ತಿತ್ತು, ಒಳಗಿನ ಜೇಬಿನಲ್ಲಿ ಅವನು ಮಡಚಿ ಇಟ್ಟ ಬಸ್ ಟಿಕೇಟು ಒದ್ದೆಯಾಗಿ ಒಣಗಿ ಅಂಟ್ಕೊಂಡಿತ್ತು, ಅದನ್ನ ತೆಗಿಲಿಕ್ಕೆ ಹೋಗ್ಲಿಲ್ಲ. ಅಪ್ಪ ಒಂದು ದಿನ, ಅದನ್ನ ಹಾಕ್ಬೇಡ, ಹಿಂದಿನಿಂದ ನೋಡುವಾಗ ನನಗೆ ಆಗುದಿಲ್ಲ ಅಂದ್ರು. ನನಗೆ ಹುಚ್ಚು ಹಿಡಿದಿದೆ ಅಂತ ನಾನೇ ಅಂದ್ಕೊಂಡಿದ್ದೆ. ಎಲ್ಲೋ ಜಪಾನಿನ ಒಬ್ಬ ಹುಡುಗ ಅದನ್ನೇ ಮಾಡಿದ್ದ.

ಕೋಪ ಜಾಸ್ತಿ ಇರುವವರಿಗೆ, ಎಲ್ರ ಮೇಲೂ ಸಿಟ್ಟು ಬರುವವರಿಗೆ, ಸ್ಯಾಲಿಂಜರ್‌ನ 'ದ ಕ್ಯಾಚರ್ ಇನ್ ದ ರೈ' ಆಗ್ಬಹುದು. 1951ರದ್ದು. ಹೋಲ್ಡನ್ ಅನ್ನುವ ಹುಡುಗ ಶಾಲೆ ಬಿಟ್ಟು ಅಲೀತಾ ಎಲ್ರನ್ನೂ ಬೈಯ್ಯುದೇ ಹೆಚ್ಚು ಅಂತ ತುಂಬಾ ಜನ ಅರ್ಧಕ್ಕೆ ಬಿಡ್ತಾರೆ. ಅವನ ತಮ್ಮ ಆಲಿ ರಕ್ತದ ಕ್ಯಾನ್ಸರಿನಲ್ಲಿ ಸತ್ತಿರ್ತಾನೆ, ಆ ರಾತ್ರಿ ಇವನು ಗ್ಯಾರೇಜಿನ ಗಾಜು ಎಲ್ಲ ಕೈಯಿಂದ ಒಡೆದು ಹಾಕಿರ್ತಾನೆ, ತಮ್ಮ ಹಸಿರು ಇಂಕಿನಲ್ಲಿ ಕವಿತೆ ಬರೆದಿಟ್ಟ ಬೇಸ್‌ಬಾಲ್ ಗ್ಲೌಸ್ ಇನ್ನೂ ಇವನ ಹತ್ರ ಇರ್ತದೆ. ಆ ಭಾಗ ಮನಸ್ಸಿನಲ್ಲಿ ಇಟ್ಕೊಂಡು ಮೊದಲಿಂದ ಓದಿದ್ರೆ ಅವನ ಸಿಟ್ಟು ಬೇರೆ ಥರ ಕೇಳ್ತದೆ.

5. ಎರಡು ಪುಸ್ತಕ ಜೋಡಿ ಮಾಡಿ ಓದಿ

ಇದು ಸ್ವಲ್ಪ ಸುಧಾರಿಸ್ಕೊಂಡ ಮೇಲೆ, ವರ್ಷಾಂತಿಕ ಕಳೆದ ಮೇಲೆ ಅಂತ ಇಟ್ಕೊಳ್ಳಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳುವ 'ಇಂದಿರಾಬಾಯಿ' ನಮ್ಮ ಮಂಗಳೂರಿನಲ್ಲೇ ಹುಟ್ಟಿದ್ದು, 1899ರಲ್ಲಿ, ಅಚ್ಚಾದದ್ದು ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಬರೆದವರು ಗುಲ್ವಾಡಿ ವೆಂಕಟರಾಯರು. ಕಥೆ ಎಂತ? ಚಿಕ್ಕ ಪ್ರಾಯದಲ್ಲಿ ಗಂಡನನ್ನ ಕಳ್ಕೊಂಡ ಹುಡುಗಿ, ಮನೆಯವರು ಹಾಕಿಟ್ಟ ದಾರಿ ಬೇಡ ಅಂತ ಹೊರಗೆ ಬಂದು, ಓದಿ, ಮತ್ತೆ ಮದುವೆಯಾಗಿ ಬದುಕು ಕಟ್ಟಿಕೊಳ್ಳುದು. ಅಂದ್ರೆ ನಮ್ಮಲ್ಲಿ ಸಾಮಾಜಿಕ ಕಾದಂಬರಿ ಅನ್ನುದು ಶುರುವಾದದ್ದೇ, ಯಾರೋ ಹೋದ ಮೇಲೆ ಉಳಿದ ಹರೆಯದವಳು ಹೇಗೆ ಬದುಕುದು ಅನ್ನುವ ಪ್ರಶ್ನೆಯಿಂದ. ಈ ವಿಷಯದ ಪುಸ್ತಕಕ್ಕೆ ದೂರ ಎಲ್ಲೂ ಹೋಗ್ಬೇಕಾಗಿಲ್ಲ ಅಂತ ನಾನು ಹೇಳುದು ಇದಕ್ಕೇ.

ಇದರ ಜೊತೆ ಭೈರಪ್ಪನವರ 'ವಂಶವೃಕ್ಷ' ಇಡಿ, 1965. ಕಪಿಲಾ ನದಿಯ ನೆರೆಯಲ್ಲಿ ಗಂಡ ನಂಜುಂಡ ಹೋದ ಮೇಲೆ ಕಾತ್ಯಾಯಿನಿ ನಂಜನಗೂಡಿನಿಂದ ಮೈಸೂರಿಗೆ ಕಾಲೇಜಿಗೆ ಹೋಗ್ತಾಳೆ, ಮತ್ತೆ ಮದುವೆಯಾಗ್ತಾಳೆ. ಹೆಚ್ಚುಕಡಿಮೆ ಅದೇ ಪರಿಸ್ಥಿತಿ. ಆದ್ರೆ 66 ವರ್ಷ ಮೊದಲಿನ ಕಾದಂಬರಿ ಅವಳನ್ನ ಬದುಕಿಸ್ತದೆ, ನಂತರದ್ದು ಇವಳನ್ನ ಬದುಕ್ಲಿಕ್ಕೆ ಬಿಡುದಿಲ್ಲ. ನನಗೆ ಕಾತ್ಯಾಯಿನಿಗೆ ಆದದ್ದು ಇವತ್ತಿಗೂ ಒಪ್ಪಿಗೆ ಇಲ್ಲ, ಮಾವ ಶ್ರೋತ್ರಿಯವರ ಪಾತ್ರ ಎಷ್ಟು ದೊಡ್ಡದಾದ್ರೂ. ಓದಿ ಜಗಳ ಮಾಡಿ, ಯಾರ ಜೊತೆಯಾದ್ರೂ. ದುಃಖದಲ್ಲಿ ಇದ್ದವರಿಗೆ ಪುಸ್ತಕದ ಬಗ್ಗೆ ಜಗಳ ಮಾಡುವಷ್ಟು ಶಕ್ತಿ ಬಂತು ಅಂದ್ರೆ ಅದು ಒಳ್ಳೆ ಲಕ್ಷಣ. 'ಇಂದಿರಾಬಾಯಿ'ಯ ಭಾಷೆ ಹಳತು, ದಿನಕ್ಕೆ ಐದಾರು ಪುಟ ಓದಿದ್ರೆ ಸಾಕು, ಜೋರಾಗಿ ಓದಿದ್ರೆ ಬೇಗ ಅರ್ಥ ಆಗ್ತದೆ.

6. ಎಲ್ಲಿ, ಯಾವಾಗ

ರಾತ್ರಿ ಮಲಗುವ ಮೊದಲು ಬೇಡ. ಹಗಲು ಓದಿ, ಸುತ್ತ ಜನ ಇರುವಲ್ಲಿ ಓದಿ. ನಾನು ಓದಿದ್ದು ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಕಿಟಕಿ ಪಕ್ಕ. ಕಣ್ಣಲ್ಲಿ ನೀರು ಬಂದ್ರೆ ಹೊರಗೆ ನೋಡ್ಬಹುದು, ಸುರತ್ಕಲ್ ಬಂತು ಮೂಲ್ಕಿ ಬಂತು ಅಂತ ಕಂಡಕ್ಟರ್ ಕೂಗುವಾಗ ಮನಸ್ಸು ತನ್ನಿಂದ ತಾನೇ ಸ್ವಲ್ಪ ಹೊರಗೆ ಬರ್ತದೆ, ಮತ್ತೆ ಇಳಿಯುವ ಸ್ಟಾಪ್ ಬಂದಾಗ ಪುಸ್ತಕ ಮುಚ್ಚಲೇಬೇಕಾಗ್ತದೆ. ಆ ಮುಚ್ಚಲೇಬೇಕಾಗುದು ಬಹಳ ಮುಖ್ಯ. ಬಸ್ ಇಲ್ಲದವರು ಫೋನಲ್ಲಿ 40 ನಿಮಿಷದ ಅಲಾರಾಂ ಇಟ್ಕೊಳ್ಳಿ.

7. ಮನೆಯವರ ಜೊತೆ ಓದುದು

ನಾನು ಇದನ್ನ ಯೋಚಿಸಿ ಮಾಡಿದ್ದಲ್ಲ. ಮರುವರ್ಷದ ಮಳೆಗಾಲ, ಲಾಕ್‌ಡೌನ್ ಎಲ್ಲ ಆಗಿ ಎಲ್ರೂ ಮನೆಯಲ್ಲೇ, ಅಮ್ಮ ಹಲಸಿನ ಬೀಜದ ಸಿಪ್ಪೆ ತೆಗಿತಾ ಕೂತಿದ್ರು, ನಾನು ಪಕ್ಕದಲ್ಲಿ ಕಾರಂತರದ್ದೇ 'ಬೆಟ್ಟದ ಜೀವ' ಓದ್ತಿದ್ದೆ. 1943ರ ಕಾದಂಬರಿ, ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಮಾಡ್ಕೊಂಡಿರುವ ಮುದಿ ಗಂಡ ಹೆಂಡತಿ, ಗೋಪಾಲಯ್ಯ ಮತ್ತು ಶಂಕರಮ್ಮ. ಅವರ ಮಗ ಸತ್ತದ್ದಲ್ಲ, ಮನೆ ಬಿಟ್ಟು ಹೋದದ್ದು. ಎಂತ ಓದ್ತೀ, ಜೋರಾಗಿ ಓದು ಅಂದ್ರು ಅಮ್ಮ. ಓದಿದೆ. ದಾರಿ ತಪ್ಪಿ ಬಂದ ಅತಿಥಿಯ ಹತ್ರ ಆ ಹೆಂಗಸು ಮಗನ ವಿಷಯ ತೆಗೆಯುದು, ಗಂಡ ನಗಾಡ್ತಾ ಬೇರೆ ಮಾತು ಹಿಡಿಯುದು, ಆ ಭಾಗ ಬರುವಾಗ ಅಮ್ಮನ ಕೈಯ ಪೀಸಕತ್ತಿ ನಿಂತಿತು. ನಿನ್ನ ಅಪ್ಪ ಕೂಡ ಹೀಗೇ, ಅವನ ಹೆಸರು ತೆಗೆದ ಕೂಡ್ಲೇ ತೋಟಕ್ಕೆ ನೀರು ಬಿಡ್ಬೇಕು ಅಂತ ಏಳುದು ಅಂದ್ರು. ಒಂದು ವರ್ಷದಲ್ಲಿ ಅಮ್ಮ ಅಪ್ಪನ ಬಗ್ಗೆ, ಅಣ್ಣನ ಬಗ್ಗೆ ಒಟ್ಟಿಗೆ ಮಾತಾಡಿದ್ದು ಅದೇ ಮೊದಲು. ಅಪ್ಪ ಚಾವಡಿಯಲ್ಲೇ ಇದ್ರು, ಕೇಳಿತ್ತು ಅವರಿಗೆ. ಎದ್ದು ಹೋಗ್ಲಿಲ್ಲ.

ಮಾಡುದು ಹೇಗೆ ಅಂದ್ರೆ, ಬಾ ಅಮ್ಮ ಪುಸ್ತಕ ಓದುವ ಅಂತ ಕರೀಬೇಡಿ. ಅವರ ಕೈಯಲ್ಲಿ ಎಂತಾದ್ರೂ ಕೆಲಸ ಇರುವಾಗ ಪಕ್ಕದಲ್ಲಿ ಕೂತು ಓದಿ. ಅರ್ಥ ವಿವರಿಸ್ಲಿಕ್ಕೆ ಹೋಗ್ಬೇಡಿ. ಅವರು ಸುಮ್ಮನಾದ್ರೆ ನೀವೂ ಸುಮ್ಮನಾಗಿ, ಸ್ವಲ್ಪ ಬಿಟ್ಟು ಮುಂದಿನ ಸಾಲು ಓದಿ.

8. ಬೇರೆಯವರಿಗೆ ಪುಸ್ತಕ ಕೊಡುವವರಿಗೆ

ಬೊಜ್ಜದ ದಿನ, ಏಳನೇ ದಿನದ ಪೂಜೆಯ ದಿನ ಪುಸ್ತಕ ತಗೊಂಡು ಹೋಗ್ಬೇಡಿ, ಅವತ್ತು ಬೇಕಾದ್ದು ಕುರ್ಚಿ ಎತ್ತಿ ಇಡುವ ಜನ. ಮೂರ್ನಾಲ್ಕು ತಿಂಗಳು ಬಿಟ್ಟು, ಎಲ್ರೂ ಫೋನ್ ಮಾಡುದು ನಿಲ್ಲಿಸಿದ ಮೇಲೆ ಕೊಡಿ. ಒಳಗೆ ಉಪದೇಶ ಬರೀಬೇಡಿ. ಹೋದವರ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿ ಬರೆದು, ಕೆಳಗೆ ತಾರೀಕು ಹಾಕಿ. ಓದಿದ್ಯಾ ಅಂತ ಆಮೇಲೆ ಕೇಳ್ಬೇಡಿ, ಓದಿದ್ರೆ ಅವರೇ ಹೇಳ್ತಾರೆ.

9. ಯಾವಾಗ ನಿಲ್ಲಿಸ್ಬೇಕು

ಓದಿದ ಮೇಲೆ ಅಳು ಬಂದ್ರೆ ತೊಂದರೆ ಇಲ್ಲ. ಎರಡು ಮೂರು ದಿನ ನಿದ್ದೆ ಹೋದ್ರೆ, ಊಟ ಬಿಟ್ಟುಹೋದ್ರೆ, ನಾನೂ ಹೋಗ್ಬೇಕು ಅಂತ ಅನಿಸಿದ್ರೆ ಪುಸ್ತಕ ಅಲ್ಲೇ ಮುಚ್ಚಿ. ಮನೆಯಲ್ಲಿ ಯಾರಿಗಾದ್ರೂ ಬಾಯಿ ಬಿಟ್ಟು ಹೇಳಿ, ಹೇಳ್ಲಿಕ್ಕೆ ಆಗದಿದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರ್ತದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಕಾದಂಬರಿಗೆ ಆ ಕೆಲಸ ಮಾಡ್ಲಿಕ್ಕೆ ಬರುದಿಲ್ಲ, ಅದರಿಂದ ಅಷ್ಟು ನಿರೀಕ್ಷೆ ಮಾಡುದೂ ಬೇಡ.

10. ಪುಸ್ತಕ ಸಿಗುದೆಲ್ಲಿ

ಕಾರಂತರದ್ದು, ಭೈರಪ್ಪನವರದ್ದು ಯಾವ ಕನ್ನಡ ಪುಸ್ತಕದ ಅಂಗಡಿಯಲ್ಲೂ ಸಿಗ್ತದೆ. ದುಡ್ಡು ಹಾಕುದು ಬೇಡ ಅಂದ್ರೆ ಮಂಗಳೂರಿನವರು ಲೈಟ್‌ಹೌಸ್ ಹಿಲ್ ಕಡೆಯ ನಗರ ಕೇಂದ್ರ ಗ್ರಂಥಾಲಯಕ್ಕೆ, ಉಡುಪಿಯವರು ಅಜ್ಜರಕಾಡಿನ ಗ್ರಂಥಾಲಯಕ್ಕೆ ಹೋಗಿ ಮೆಂಬರ್ ಆಗಿ. ಫೋನಲ್ಲಿ ಓದುವವರಿಗೆ, ಕೇಳುವವರಿಗೆ ಮೈಲ್ಯಾಂಗ್ ಆ್ಯಪ್ ಉಂಟು. 'ಕಿಚನ್' ಅಂಗಡಿಯಲ್ಲಿ ಇಲ್ಲದಿದ್ರೆ ಆನ್‌ಲೈನ್ ತರಿಸ್ಬೇಕು, ಅಥವಾ ಗೊತ್ತಿದ್ದವರ ಹತ್ರ ಕೇಳ್ಬೇಕು. ನನ್ನ ಕಾಪಿ ಈಗ ಸುರತ್ಕಲ್‌ನ ಒಬ್ಬಳು ಹುಡುಗಿಯ ಹತ್ರ ಉಂಟು, ಅವಳ ಅಪ್ಪ ಹೋಗಿ ಐದು ತಿಂಗಳು. ಫ್ರಿಜ್ಜಿನ ಪುಟದ ಹತ್ರ ನನ್ನ ಪೆನ್ಸಿಲ್ ಗುರುತು ಉಂಟು, ಅದರ ಕೆಳಗೆ ಬೇಕಾದ್ರೆ ನಿನ್ನದೂ ಹಾಕು ಅಂತ ಹೇಳಿದ್ದೇನೆ.